ಅಗಸಿಯಲ್ಲಿ ಮೂರು ಹಾರನ್

ಹಾರನ್ ಮೂರು ಸಲ ಕೇಳಿಸಿತು.

ಒಂದು... ಎರಡು... ಸ್ವಲ್ಪ ತಡೆದು, ಮೂರು.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದ ಅಮೃತಳ ಕೈಯಿಂದ ಮೊರ ಜಾರಿತು. ಕಾಳು ಅಂಗಳದ ತುಂಬ ಚೆಲ್ಲಿತು. ಅವಳು ಅತ್ತ ನೋಡಲೂ ಇಲ್ಲ.

ಅಪ್ಪ ಬಂದ... ಬದುಕಿ ಬಂದ!

ಕಮಲಾಪುರದಲ್ಲಿ ಆ ಸದ್ದಿಗೆ ಬೇರೆ ಅರ್ಥವಿರಲಿಲ್ಲ. ತೊಂಬತ್ತಮೂರರ ಬೇಸಿಗೆ ಅದು. ಊರಿನಲ್ಲಿ ಫೋನುಗಳು ಬೆರಳೆಣಿಕೆಯಷ್ಟು. ಕಲಬುರಗಿಯ ದವಾಖಾನೆಗೆ ಕಾರಿನಲ್ಲಿ ಹೋದ ರೋಗಿಯ ಸುದ್ದಿ ಆ ಕಾರಿನ ಜೊತೆಗೇ ಮರಳಿ ಬರಬೇಕಿತ್ತು. ಅದಕ್ಕೊಂದು ರೂಢಿ. ರೋಗಿ ಬದುಕಿದ್ದರೆ ಡ್ರೈವರ್ ಅಗಸಿಯಲ್ಲಿ, ಊರಬಾಗಿಲಲ್ಲಿ, ಗಾಡಿ ನಿಲ್ಲಿಸಿ ಮೂರು ಸಲ ಹಾರನ್ ಹೊಡೆಯುತ್ತಾನೆ. ಮನೆಯವರು ನೀರಿನ ತಂಬಿಗೆ, ರೊಟ್ಟಿಯ ತುಂಡು ಹಿಡಿದು ನಿವಾಳಿಸಲು ಹೊರಗೆ ಬರುತ್ತಾರೆ.

ಬದುಕಿರದಿದ್ದರೆ ಹಾರನ್ ಇಲ್ಲ. ಗಾಡಿ ಸುಮ್ಮನೆ ಊರೊಳಗೆ ಬರುತ್ತದೆ. ಅಷ್ಟರಿಂದಲೇ ಎಲ್ಲರಿಗೂ ತಿಳಿಯುತ್ತದೆ.

ಅಗಸಿಯಿಂದ ಅಮೃತಳ ಅಪ್ಪ ಖಂಡೆಪ್ಪನ ಮನೆಗೆ ಇನ್ನೂರು ಹೆಜ್ಜೆ. ಚಿಕ್ಕವಳಿದ್ದಾಗ ಅಪ್ಪನ ಬೆರಳು ಹಿಡಿದು ಅಮೃತ ಅದನ್ನು ಎಣಿಸಿದ್ದಳು. ಈಗ ಆ ಇನ್ನೂರು ಹೆಜ್ಜೆಯನ್ನು ಒಂದು ಮಾಸಲು ಬಿಳಿ ಅಂಬಾಸಿಡರ್ ಮೆಲ್ಲಗೆ ದಾಟಿ ಬಂತು. ಮುಂದಿನ ಸೀಟಿನಲ್ಲಿ ಅಪ್ಪ, ಕಿಟಕಿಗೆ ತಲೆಯಾನಿಸಿ ಕುಳಿತಿದ್ದ. ಹಿಂದೆ ಅವ್ವ ಬಂಡಮ್ಮ. ಸ್ಟೇರಿಂಗ್ ಹಿಡಿದವನು ಕೆಳಗಿನ ಓಣಿಯ ಚಂದ್ರಶಾ. ಗಾಡಿ ಅವನದೇ.

ಅವಳು ತಂಬಿಗೆ ಹಿಡಿದು ಓಡಿ ಹೋಗಿ ಮುಂದಿನ ಬಾಗಿಲು ತೆರೆದಳು.

"ಅಪ್ಪಾ, ನಿದ್ದಿ ಹತ್ತಿತೇನು?"

ಅಪ್ಪನ ಕೈ ಜಾರಿ ಹೊರಗೆ ಬಂತು. ಅವಳ ಮೊಣಕೈಗೆ ತಾಗಿ, ಜೋತುಬಿತ್ತು.

ಕೈ ಬೆಚ್ಚಗಿತ್ತು. ಆದರೆ ಅದರಲ್ಲಿ ಅಪ್ಪ ಇರಲಿಲ್ಲ.

ತಂಬಿಗೆ ಉರುಳಿದ ಸದ್ದಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದವು. ಯಾರೋ ಅಳಲು ಶುರು ಮಾಡಿದರು. ಅಮೃತ ಅಳಲಿಲ್ಲ. ಅವಳು ತೀರ ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದಳು.

"ಹಾರನ್ ಹೊಡದಿದ್ದು ಯಾರು?"

ಗಾಡಿಯೊಳಗಿನ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ಹೋಗುಮುಂದ ನಾ ಅಪ್ಪಗ ಹೇಳಿದ್ದೆ. ಅಗಸ್ಯಾಗ ಹಾರನ್ ಹೊಡಸು, ನಾ ಕಟ್ಟಿ ಮ್ಯಾಲ ಕೂತಿರ್ತೀನಿ ಅಂತ. ಕೂತಿದ್ದೆ... ಹೊಡದಿದ್ದು ಯಾರು?"

ಚಂದ್ರಶಾ ತಲೆಯೆತ್ತಿ ಗಾಡಿಯ ಕನ್ನಡಿ ನೋಡಿದ. ಕನ್ನಡಿಯಲ್ಲಿ ಬಂಡಮ್ಮನ ಮುಖವಿತ್ತು. ಆಕೆಯ ತುಟಿ ಅಲುಗಿ, ಮತ್ತೆ ಮುಚ್ಚಿಕೊಂಡಿತು.

"ಯಾರೂ ಹೊಡೀಲಿಲ್ರೀ," ಎಂದ ಅವನು. "ಗಾಡಿ... ತಾನೇ ಹೊಡಕೊಂಡ್ತು."

ಅಮೃತ ಅವನನ್ನು ದಿಟ್ಟಿಸಿದಳು. ದಾರಿಯಲ್ಲೇ ಸತ್ತವನನ್ನು ಸೀಟಿನಲ್ಲಿ ಕೂಡಿಸಿಕೊಂಡು ಬಂದು, ಬದುಕಿದ್ದಾನೆಂದು ಊರಿಗೆಲ್ಲ ಸಾರಿ, ಈಗ ಗಾಡಿಯ ಮೇಲೆ ಹಾಕುತ್ತಿದ್ದಾನೆ!

"ಇನ್ನ ಮ್ಯಾಲ ನಿನ್ನ ಗಾಡಿ ಬಾಯಿ ತೆರೀಬಾರದು," ಎಂದಳು. "ನಾ ಇರೋತನಕ ಈ ಗಾಡಿ ಸದ್ದು ನನಗ ಕೇಳಿಸಬಾರದು. ತಿಳೀತೇನು?"

ಅವನು ತಲೆಯಾಡಿಸಿದ. ಅಷ್ಟೇ.

ಮೂರು ದಿನದ ಶಾಸ್ತ್ರ ಮುಗಿದ ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಗೇಣುದ್ದದ ಕೆಂಪು ವಾಯರ್ ಬಿದ್ದಿತ್ತು. ಎರಡೂ ತುದಿ ಕತ್ತರಿಸಿದ್ದು. ಅದು ಆ ಗಾಡಿಯ ಹಾರನ್ನಿನ ವಾಯರ್ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಎಸೆಯಲೆಂದು ಎತ್ತಿಕೊಂಡಳು. ಯಾಕೋ, ಎಸೆಯಲಾಗಲಿಲ್ಲ. ಅಪ್ಪನ ಕನ್ನಡಕವಿದ್ದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಟ್ಟಳು.

*

ಸತ್ತವನನ್ನು ಹೊತ್ತು ತಂದು ತಾನೇ ಕೂಗಿದ ಗಾಡಿ... ಇಂಥ ಸುದ್ದಿಗೆ ಕಾಲು ಬೇಕೇ?

ವಾರದೊಳಗೆ ಅದು ಮಹಾಗಾಂವ್ ಕ್ರಾಸ್ ದಾಟಿತು. ತಿಂಗಳೊಳಗೆ ಆ ಅಂಬಾಸಿಡರಿಗೆ ಮನಸ್ಸಿದೆ ಎಂದು ಜನ ನಿಶ್ಚಯ ಮಾಡಿಬಿಟ್ಟರು. ಅದು ತನಗೆ ಬೇಕಾದವರನ್ನು ಆರಿಸುತ್ತದೆ ಎಂದು ಕೆಲವರು. ಖಂಡೆಪ್ಪನ ಜೀವ ಅದರ ಎಂಜಿನ್ನಿನಲ್ಲಿ ಸಿಕ್ಕಿಕೊಂಡಿದೆ ಎಂದು ಇನ್ನು ಕೆಲವರು. ಮದುಮಕ್ಕಳನ್ನು ಕರೆತರಲು ಅದನ್ನು ಕರೆಯುವುದು ನಿಂತಿತು. ಚಹಾದಂಗಡಿಯಲ್ಲಿ ಚಂದ್ರಶಾನನ್ನು ಕಂಡರೆ, ಇವತ್ತು ಗಾಡಿ ಸಾಹೇಬರಿಗೆ ಎಲ್ಲಿಗೆ ಹೋಗಲು ಮನಸ್ಸಾಗಿದೆ, ಕೇಳಿಕೊಂಡು ಬಂದೆಯಾ ಎಂದು ಚೇಷ್ಟೆ ಮಾಡುತ್ತಿದ್ದರು. ಅವನು ನಕ್ಕು ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತಿದ್ದ.

ಆದರೂ ಊರಿಗೆ ಆ ಗಾಡಿ ಬೇಕಿತ್ತು. ಹೆರಿಗೆ ನೋವಿಗೆ, ಹಾವು ಕಚ್ಚಿದವರಿಗೆ, ಎದೆ ಹಿಡಿದುಕೊಂಡು ಕುಸಿದವರಿಗೆ ಕರೆದ ಕೂಡಲೇ ಬರುತ್ತಿದ್ದದ್ದು ಅದೊಂದೇ.

ಭಯವೆಲ್ಲ ಅದು ಮರಳಿ ಬರುವಾಗ.

ಈಗ ಹಾರನ್ ಇರಲಿಲ್ಲ. ರೋಗಿ ಬದುಕಿದ್ದರೂ ಇಲ್ಲ, ಸತ್ತಿದ್ದರೂ ಇಲ್ಲ. ಮೂಗಿಯಂತೆ ಅಗಸಿ ದಾಟಿ ಒಳಗೆ ಬರುತ್ತಿತ್ತು. ಅದು ಬಂದ ಓಣಿಯ ಉದ್ದಕ್ಕೂ ಹೆಂಗಸರು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಗಾಡಿ ನಿಂತು, ಬಾಗಿಲು ತೆರೆದು, ಒಳಗಿನ ಮುಖ ಕಾಣುವ ತನಕ ಯಾರೂ ಉಸಿರು ಬಿಡುತ್ತಿರಲಿಲ್ಲ.

ಹಾರನ್ ಯಾಕಿಲ್ಲ ಎಂದು ಕೇಳಿದವರಿಗೆ ಕೆಟ್ಟಿದೆ ಎನ್ನುತ್ತಿದ್ದ ಚಂದ್ರಶಾ. ಅವನಿಗೆ ಎಲ್ಲರಿಗಿಂತ ಹೆಚ್ಚು ಬೈದವನು ನಬಿಸಾಬ್. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವನ ಗ್ಯಾರೇಜು. ಆ ಗಾಡಿಯ ಒಂದೊಂದು ನಟ್ಟೂ ಅವನಿಗೆ ಗೊತ್ತು. ಹಾರನ್ ಇಲ್ಲದೆ ಹುಮನಾಬಾದ್ ರಸ್ತೆಯಲ್ಲಿ ಓಡಾಡುವುದೆಂದರೆ ಕಣ್ಣು ಕಟ್ಟಿಕೊಂಡು ಬಾವಿಯ ಸುತ್ತ ತಿರುಗಿದಂತೆ ಎಂದು ಅವನು ಎಷ್ಟು ಹೇಳಿದರೂ ಚಂದ್ರಶಾ ಹೊಸ ವಾಯರ್ ಹಾಕಲು ಒಪ್ಪಲಿಲ್ಲ.

ಗಾಡಿ ನಿಲ್ಲುತ್ತಿದ್ದದ್ದು ಅಗಸಿಯ ಬಳಿಯ ಬೇವಿನ ಮರದಡಿ. ಸಂಜೆ ಅದರ ಮೂತಿ ರಸ್ತೆಯ ಕಡೆಗಿರುತ್ತಿತ್ತು. ಕೆಲವು ಬೆಳಗು ನೋಡಿದರೆ ಒಂದಿಷ್ಟು ಉರುಳಿ, ಮೂತಿ ಖಂಡೆಪ್ಪನ ಓಣಿಯ ಕಡೆಗೆ ತಿರುಗಿರುತ್ತಿತ್ತು. ಹ್ಯಾಂಡ್ ಬ್ರೇಕು ಸವೆದಿದೆ ಎಂದ ನಬಿಸಾಬ್. ಆದರೆ ಅಲ್ಲಿನ ಇಳಿಜಾರು ಓಣಿಯ ಕಡೆಗಲ್ಲ, ರಸ್ತೆಯ ಕಡೆಗೆ.

ಆ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

*

ಅಮೃತ ಬಿ.ಎ. ಮುಗಿಸಿದ್ದಳು. ಸೂಪರ್ ಮಾರ್ಕೆಟ್ಟಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋದರೆ ಮರಳುವಾಗ ಕತ್ತಲಾಗುತ್ತಿತ್ತು. ಬಸ್ಸು ಹೆದ್ದಾರಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಅಗಸಿಯ ತನಕ ಕೆಂಪು ಬಾಳೆಯ ತೋಟಗಳ ನಡುವೆ ಅರ್ಧ ಮೈಲಿ ಕೆಮ್ಮಣ್ಣಿನ ದಾರಿ. ಒಂದೂ ದೀಪವಿಲ್ಲ.

ಮೊದಲ ದಿನವೇ ಅವಳ ಹಿಂದೆ ಬೆಳಕು ಬಿತ್ತು.

ತಿರುಗಿ ನೋಡಿದಳು. ಒಂದೇ ದೀಪ. ಆ ಅಂಬಾಸಿಡರಿನ ಎಡಗಣ್ಣು ಎಂದೋ ಕುರುಡಾಗಿತ್ತು. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಅದು ಅವಳನ್ನು ನೋಡುತ್ತಿತ್ತು. ಗಾಜಿನ ಹಿಂದೆ ಯಾರಿದ್ದಾರೆ ಎಂಬುದು ಕಾಣಲಿಲ್ಲ. ಯಾರಾದರೂ ಇದ್ದಾರೋ ಇಲ್ಲವೋ... ಅದೂ ಕಾಣಲಿಲ್ಲ.

ಅವಳು ನಡೆದರೆ ಅದೂ ಬಂತು. ಅವಳು ನಿಂತರೆ ನಿಂತಿತು.

ಮನೆಗೆ ಬಂದವಳು ಅವ್ವನ ಮುಂದೆ ಸಿಟ್ಟು ಹೊರಹಾಕಿದಳು. ಅಪ್ಪನನ್ನು ತಿಂದದ್ದು ಸಾಲದೇ, ಈಗ ನನ್ನ ಬೆನ್ನು ಹತ್ತಿದೆ ಎಂದಳು. ಬಂಡಮ್ಮ ಒಲೆಯ ಉರಿ ಸರಿಮಾಡಿದಳು. ಆಮೇಲೆ, ಬರಲಿ ಬಿಡು ಎಂದಳು. ಅವ್ವ ಯಾಕೆ ಹಾಗೆಂದಳೆಂದು ಅಮೃತಳಿಗೆ ಅರ್ಥವಾಗಲಿಲ್ಲ.

ಮರುದಿನವೂ ಬೆಳಕು. ಅದರ ಮರುದಿನವೂ.

ಒಂದು ಸಂಜೆ ತೋಟದ ಬೇಲಿಯ ಬಳಿ ಮೂವರು ಕುಡಿದು ನಿಂತಿದ್ದರು. ಒಬ್ಬ ಅವಳ ಕಡೆಗೆ ಎರಡು ಹೆಜ್ಜೆ ಇಟ್ಟ. ಹಿಂದಿನಿಂದ ಬೆಳಕು ಅವನ ಮುಖಕ್ಕೆ ಹೊಡೆಯಿತು. ಸದ್ದಿಲ್ಲ, ಬೈಗುಳವಿಲ್ಲ. ಎಂಜಿನ್ನು ಮಾತ್ರ ಗುರುಗುಟ್ಟಿತು. ಅದು ಯಾವ ಗಾಡಿ ಎಂದು ಗುರುತಾದದ್ದೇ ತಡ, ಮೂವರೂ ಬಾಳೆಯ ಸಾಲಿನೊಳಗೆ ಮಾಯವಾದರು.

ಆ ದಿನದಿಂದ ಅವಳು ತಿರುಗಿ ನೋಡುವುದನ್ನು ಬಿಟ್ಟಳು. ಬೆಳಕಿನಲ್ಲಿ ಅವಳ ನೆರಳು ಉದ್ದವಾಗಿ ಮುಂದೆ ಬೀಳುತ್ತಿತ್ತು. ಅವಳಿಗಿಂತ ಮೊದಲೇ ಅದು ಅಗಸಿ ಮುಟ್ಟುತ್ತಿತ್ತು. ಅಪ್ಪ ಹೋದ ಮೇಲೆ ತನ್ನನ್ನು ಮನೆಯ ತನಕ ಬಿಡಲು ಬರುವವರು ಯಾರೂ ಇಲ್ಲ ಎಂದುಕೊಂಡಿದ್ದಳು...

ಹಾಗೆ ಎರಡು ವರ್ಷ ಕಳೆದವು. ಮಾತಿಲ್ಲ. ಇಪ್ಪತ್ತು ಹೆಜ್ಜೆಯ ಅಂತರ ಒಂದು ದಿನವೂ ಹತ್ತೊಂಬತ್ತಾಗಲಿಲ್ಲ.

ಒಮ್ಮೆ ಮಾತ್ರ ಬೆಳಕು ಬರಲಿಲ್ಲ. ಅಮೃತ ಕತ್ತಲಲ್ಲಿ ನಿಂತಳು. ಕಾಲು ನಿಮಿಷ, ಅರ್ಧ ನಿಮಿಷ. ಬಾಳೆಯೆಲೆ ಒಂದಕ್ಕೊಂದು ಉಜ್ಜುವ ಸದ್ದು. ಎದೆ ಹೊಡೆದುಕೊಳ್ಳುತ್ತಿತ್ತು. ಕತ್ತಲಿಗೆ ಹೆದರಿದ್ದೇನೆ ಅಂದುಕೊಂಡಳು. ಆಮೇಲೆ ಅರ್ಥವಾಯಿತು, ಅದಲ್ಲ. 'ಅವನಿಗೆ ಏನಾದರೂ...'

ಛೇ, ಯಾರಿಗಾಗಿ ನಿಂತಿದ್ದೇನೆ ನಾನು!

ಮರುಸಂಜೆ ಬೆಳಕು ಬಿದ್ದ ಕೂಡಲೇ ಅವಳು ಹಿಂದಕ್ಕೆ ನಡೆದು ಗಾಡಿಯ ಕಿಟಕಿಯ ಬಳಿ ನಿಂತಳು. ಇಷ್ಟು ಹತ್ತಿರದಿಂದ ಅವನ ಮುಖ ನೋಡಿ ಎರಡು ವರ್ಷವಾಗಿತ್ತು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ನಿನ್ನಿ ಬರಲಿಲ್ಲ."

"ಪೇಷಂಟ್ ಇದ್ರುರೀ. ಹೆರಿಗಿ ಕೇಸ್."

"ಬದುಕಿದ್ರೇನು?"

"ಇಬ್ರೂ ಬದುಕ್ಯಾರ."

"ಹಂಗಾದ್ರ ಅಗಸ್ಯಾಗ..."

ಮಾತು ಅಲ್ಲೇ ನಿಂತಿತು. ಅವನ ಕೈ ಸ್ಟೇರಿಂಗಿನ ನಡುವೆ, ಹಾರನ್ ಇರುವಲ್ಲಿ, ಸುಮ್ಮನೆ ಕುಳಿತಿತ್ತು.

"ನೀವು ಹೊಡಿ ಅಂದ್ರ ಹೊಡೀತೀನ್ರೀ," ಎಂದ ಚಂದ್ರಶಾ ಅವಳತ್ತ ನೋಡದೆ.

ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅಂಗಳದಲ್ಲಿ ಉರುಳಿದ ತಂಬಿಗೆಯ ಸದ್ದು ಕಿವಿಯೊಳಗೆ ಎದ್ದಿತು. ಇವನನ್ನು ಕ್ಷಮಿಸಿದರೆ ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡಂತೆ ಅನ್ನಿಸಿತು.

ಅವಳು ತಿರುಗಿ ನಡೆದಳು.

ಬೆಳಕು ಎಂದಿನಂತೆ ಹಿಂದೆ ಬಂತು.

*

ತೊಂಬತ್ತಾರರ ಮೇ. ಬಿಸಿಲು ಸಂಜೆ ಆರಕ್ಕೂ ಇಳಿದಿರಲಿಲ್ಲ. ಮಹಾಗಾಂವ್ ಕ್ರಾಸ್ ದಾಟಿದ ಮೇಲಿನ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಜನ ಕಿಟಕಿಯಿಂದ ಬಗ್ಗಿದರು. ಅಮೃತಳೂ ಬಗ್ಗಿದಳು.

ಜಾಲಿಯ ಮರಕ್ಕೆ ಮೂತಿ ಕೊಟ್ಟು ಬಿಳಿ ಅಂಬಾಸಿಡರ್ ನಿಂತಿತ್ತು. ಬಾನೆಟ್ಟು ಮಡಚಿಹೋಗಿತ್ತು. ಚಾಲಕನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಉಳಿದಿದ್ದ ಆ ಒಂದು ದೀಪ ಉರಿಯುತ್ತಲೇ ಇತ್ತು. ಹಗಲಿನಲ್ಲಿ, ಕಮಲಾಪುರದ ದಾರಿಯ ಕಡೆಗೆ.

ಬಸ್ಸಿನಲ್ಲಿ ಮಾತು ಹರಿದಾಡಿತು. ತಿರುವಿನಲ್ಲಿ ಲಾರಿ ನಡುದಾರಿಗೆ ಬಂದಿತ್ತಂತೆ. ಎದುರಿಗೆ ಗಾಡಿ ಇದೆ ಎಂದು ಗೊತ್ತಾಗಲೇ ಇಲ್ಲ, ಹಾರನ್ ಕೇಳಿಸಿದ್ದರೆ ಸರಿಯುತ್ತಿದ್ದೆ ಎಂದು ಲಾರಿಯವನು ತಲೆ ಚಚ್ಚಿಕೊಂಡನಂತೆ. ಚಂದ್ರಶಾನನ್ನು ಸೇಡಂ ರಸ್ತೆಯ ದವಾಖಾನೆಗೆ ಒಯ್ದಿದ್ದಾರೆ. ಮೈಮೇಲೆ ಎಚ್ಚರವಿಲ್ಲ.

ಹಾರನ್ ಕೇಳಿಸಿದ್ದರೆ...

ಆ ಸಂಜೆ ಕೆಮ್ಮಣ್ಣಿನ ದಾರಿಯಲ್ಲಿ ಬೆಳಕಿರಲಿಲ್ಲ. ಅವಳಿಗೆ ನೆರಳೂ ಇರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದಳು. ಬಂಡಮ್ಮ ತಟ್ಟನೆ ಗೋಡೆ ಹಿಡಿದಳು. ಹಾಗೇ ಜಾರಿ ನೆಲದ ಮೇಲೆ ಕುಳಿತಳು.

"ಅಮೃತಾ, ಹಾರನ್ ಹೊಡದಿದ್ದು ನಿಮ್ಮಪ್ಪ."

ಅವಳಿಗೆ ಕೇಳಿಸಿತು. ಅರ್ಥವಾಗಲು ಹೊತ್ತು ಹಿಡಿಯಿತು.

"ಎದಿ ಸೋತಾದ, ಹಿಂದ ಮಲಕೊಂಡು ಹೋಗಬೇಕು, ಅಲುಗಬಾರದು ಅಂದಿದ್ರು ಡಾಕ್ಟರು. ಕೇಳ್ಲಿಲ್ಲ. ಮುಂದ ಕೂಡ್ತೀನಂದ. ಅಗಸ್ಯಾಗ ಗಾಡಿ ನಿಂದ್ರಿಸ್ದ. ಮಗಳಿಗಿ ಮಾತು ಕೊಟ್ಟೀನಿ, ನಾನೇ ಹೊಡೀತೀನಿ ಅಂತ ಆ ಹುಡುಗನ ಮ್ಯಾಲಿಂದ ಬಗ್ಗಿ ಕೈ ಹಾಕ್ದ. ಎರಡು ಸಲ ಹೊಡ್ದ. ಮೂರನೇದಕ್ಕ ದಮ್ಮು ಬರಲಿಲ್ಲ, ತಡದು ಹೊಡ್ದ. ನಕ್ಕ. ಹಿಂದಕ್ಕ ಒರಗಿದ... ಅಗಸಿ ದಾಟಿ ನಮ್ಮ ಬಾಗಿಲಿಗಿ ಬರೋದ್ರಾಗ ಹೋಗಿಬಿಟ್ಟಿದ್ದ. ನಿದ್ದಿ ಹತ್ಯಾದ ಅಂತ ನಾ ತಿಳಕೊಂಡಿದ್ದೆ."

ಬೆಚ್ಚಗಿನ ಕೈ. ಮೂರು ವರ್ಷದಿಂದ ಮೊಣಕೈಯ ಆ ಜಾಗದಲ್ಲಿ ಉಳಿದಿದ್ದ ಬಿಸಿ. ಅದು ಬಿಸಿಲಿನದು ಎಂದುಕೊಂಡಿದ್ದಳು ಅವಳು.

"ಯಾಕ ಹೇಳಲಿಲ್ಲವ್ವಾ?"

"ಏನಂತ ಹೇಳ್ಲಿ? ಕಟ್ಟಿ ಮ್ಯಾಲ ಕೂತಿರ್ತೀನಿ ಅಂತ ನೀ ಹೇಳಿದ ಮಾತಿಗೇ ಎದ್ದು ಕೂತು ಸತ್ತ ಅಂತ ಹೇಳ್ಲಾ? ಇಪ್ಪತ್ತೊಂದು ವರ್ಷದಾಕಿ ನೀ. ಆ ಮಾತು ಹೊತಗೊಂಡು ಬದುಕ್ತಿದ್ದೇನು?" ಬಂಡಮ್ಮನ ದನಿ ಒಡೆಯಿತು. "ಆ ಹುಡುಗ ಕನ್ನಡ್ಯಾಗ ನನ್ನ ಮಾರಿ ನೋಡ್ದ. ನನ್ನ ಬಾಯಿಗಿ ಬರೋದು ಅವನಿಗಿ ತಿಳೀತು. ಅದಕ್ಕ ಮೊದ್ಲೇ ತಾನು ಸುಳ್ಳು ಹೇಳ್ದ. ಹೇಳಾಕ ಬರಲಿಲ್ಲ, ಗಾಡಿ ಮ್ಯಾಲ ಹಾಕ್ದ. ಆಮ್ಯಾಲ ಎಷ್ಟು ಸಲ ಖರೇ ಹೇಳ್ತೀನಂದೆ. ಬ್ಯಾಡ ಅತ್ತಿ, ಆಕಿ ನನ್ನ ಬೈಕೊಂಡು ಆರಾಮ ಇರ್ಲಿ ಅಂದ."

ಹಾಗಾದರೆ ಹಾರನ್ ಸುಳ್ಳು ಹೇಳಿರಲಿಲ್ಲ. ಅದು ಕೂಗಿದಾಗ ಅಪ್ಪ ಬದುಕಿದ್ದ. ಗಾಡಿಗೆ ಮನಸ್ಸೂ ಇರಲಿಲ್ಲ, ಶಾಪವೂ ಇರಲಿಲ್ಲ. ಒಬ್ಬ ಮನುಷ್ಯ ಇದ್ದ, ಅಷ್ಟೇ. ಅವಳ ಮಾತಿಗೆ ಬಾಯಿ ಕಟ್ಟಿಕೊಂಡು, ದಿನಾ ಸಂಜೆ ಇಪ್ಪತ್ತು ಹೆಜ್ಜೆ ಹಿಂದೆ ಬಂದವನು.

*

ಮರುದಿನ ದವಾಖಾನೆಯ ವಾರ್ಡಿನ ಬಾಗಿಲಲ್ಲಿ ಚಂದ್ರಶಾನ ತಾಯಿ ಅನ್ನಮ್ಮ ಕುಳಿತಿದ್ದಳು. ಅಮೃತಳನ್ನು ಕಂಡು ಎದ್ದು ಬಾಗಿಲಿಗೆ ಅಡ್ಡ ನಿಂತಳು. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಾಯಿ ತೆರೀಬಾರದು ಅಂದಿದ್ದಿ. ಈಗ ತೆರ್ಯಾಂಗಿಲ್ಲ ನೋಡವ್ವ. ನಿನ್ನೆಯಿಂದ ಕರ್ಯಾಕತ್ತೀನಿ, ತೆರ್ಯಾಂಗಿಲ್ಲ."

ಮೂರು ದಿನ ಅಮೃತ ಮೆಟ್ಟಿಲ ಮೇಲೆ ಕುಳಿತಳು. ಒಳಗೆ ಹೋಗಲು ಕೇಳಲಿಲ್ಲ. ಮೂರನೆಯ ಸಂಜೆ ಅನ್ನಮ್ಮ ಹೊರಗೆ ಬಂದು, ನೀ ಇಲ್ಲಿ ಕುಳಿತರೆ ನನಗೆ ದೇವರನ್ನು ಬೇಡಿಕೊಳ್ಳಲು ಆಗುವುದಿಲ್ಲ, ಊರಿಗೆ ಹೋಗು ಎಂದಳು.

ಅಲ್ಲಿಂದ ಅವಳು ನಬಿಸಾಬನ ಗ್ಯಾರೇಜಿಗೆ ಹೋದಳು. ಗಾಡಿಯನ್ನು ಅಲ್ಲಿಗೆ ಎಳೆದು ತಂದಿದ್ದರು. ಅವನು ಬಾನೆಟ್ಟನ್ನು ಬಡಿದು ನೆಟ್ಟಗೆ ಮಾಡುತ್ತಿದ್ದ. ಎಂಜಿನ್ನಿಗೆ ಏನೂ ಆಗಿಲ್ಲ, ಇಂಥ ಹೊಡೆತ ತಿಂದೂ ಒಂದೇ ಸ್ಟಾರ್ಟಿಗೆ ಎದ್ದಿತು ಎಂದು ಹೇಳುವಾಗ ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ.

ಹಾರನ್ ಹಾಕಿಕೊಡು ಎಂದಳು ಅಮೃತ.

ನಬಿಸಾಬ್ ಸುತ್ತಿಗೆ ಕೆಳಗಿಟ್ಟ. "ತಾರ್ ತಂದಿಯೇನ್ ಬೇಟಿ?"

ಯಾವ ವಾಯರ್ ಎಂಬಂತೆ ಅವಳು ನೋಡಿದಳು.

"ಬ್ಯಾರೆ ತಾರ್ ಹಾಕಬ್ಯಾಡ ಅಂದಾನ. ಆಕಿ ತಂದು ಕೊಟ್ಟ ದಿನ ಅದೇ ತಾರ್ ಹಾಕು, ಇಲ್ಲಂದ್ರ ಹಿಂಗೇ ಇರ್ಲಿ ಅಂದಾನ. ಪಾಗಲ್ ಹೈ."

ನಾಳೆ ಮೊದಲ ಬಸ್ಸಿಗೆ ತರುತ್ತೇನೆ ಎಂದು ಹೇಳಿ ಬಂದಳು.

ಬೆಳಿಗ್ಗೆ ಪೆಟ್ಟಿಗೆ ತೆರೆದಳು. ಅಪ್ಪನ ಕನ್ನಡಕದ ಪಕ್ಕ ಆ ಕೆಂಪು ವಾಯರ್ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಮೇ ತಿಂಗಳಲ್ಲಿ ಯಾವುದು ತಣ್ಣಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮೊದಲ ಬಸ್ಸು ಆ ದಿನ ಬರಲೇ ಇಲ್ಲ. ಅವಳು ಹೆದ್ದಾರಿಯಲ್ಲಿ ಕಾದೇ ಕಾದಳು. ಹತ್ತರ ಸುಮಾರಿಗೆ ಕಲಬುರಗಿಯ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಗುರುತಿನವನು. ಇವಳನ್ನು ನೋಡಿ ಇಳಿದು ಬಂದ. ಹೇಳಲೋ ಬೇಡವೋ ಎಂಬಂತೆ ಹೇಳಿದ. ದವಾಖಾನೆಯ ಗೇಟಿನಲ್ಲಿ ಆ ಅಂಬಾಸಿಡರ್ ನಿಂತಿತ್ತು. ನಾಲ್ಕು ಜನ ಹಿಡಿದು ಹಿಂದಿನ ಸೀಟಿನಲ್ಲಿ ಯಾರನ್ನೋ ಮಲಗಿಸುತ್ತಿದ್ದರು. ಮೈತುಂಬ ಬಿಳಿ ಚಾದರ. ಅನ್ನಮ್ಮ ಮುಖಕ್ಕೆ ಸೆರಗು ಹಿಡಿದು ಅಳುತ್ತಿದ್ದಳು.

ಅವರು ಊರಿಗೇ ಬರುತ್ತಿದ್ದಾರೆ.

*

ನಡು ಹಗಲು. ಓಣಿಯಲ್ಲಿ ನೆರಳೆಂಬುದೇ ಇರಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಹೆಂಗಸರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಅಮೃತ ಅದೇ ಕಟ್ಟೆಯ ಮೇಲೆ, ಅದೇ ಜಾಗದಲ್ಲಿ ಕುಳಿತಳು. ಮುಷ್ಟಿಯಲ್ಲಿ ವಾಯರ್.

ಗಾಡಿ ಬರುತ್ತದೆ. ಅಗಸಿಯಲ್ಲಿ ನಿಲ್ಲುತ್ತದೆ. ಬದುಕಿದ್ದಾನೋ ಇಲ್ಲವೋ ಎಂದು ಹೇಳಬೇಕಾದ ಬಾಯಿ ಅದಕ್ಕಿಲ್ಲ. ಆ ಬಾಯಿಯನ್ನು ಕಿತ್ತವಳು ತಾನು. ಅದು ತನ್ನ ಕೈಯಲ್ಲೇ ಇದೆ. ಇಷ್ಟು ವರ್ಷ ಊರಿನ ಪ್ರತಿ ಮನೆಯೂ ಬಾಗಿಲಲ್ಲಿ ಹೀಗೇ ನಿಂತಿತ್ತಲ್ಲ, ನನ್ನ ಒಂದು ಮಾತಿಗೆ...

ಬಂಡಮ್ಮ ಹೊರಗೆ ಬಂದಳು. ಕೈಯಲ್ಲಿ ನೀರಿನ ತಂಬಿಗೆ, ರೊಟ್ಟಿಯ ತುಂಡು.

"ಯಾಕವ್ವಾ ಅದು?"

"ಇರ್ಲಿ," ಎಂದಳು ಬಂಡಮ್ಮ.

ದೂರದಲ್ಲಿ ಎಂಜಿನ್ನಿನ ಸದ್ದು. ಅವಳಿಗೆ ಅದು ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಬೆನ್ನಿನಿಂದ ಕಲಿತ ಗುರುತು. ಹತ್ತಿರವಾಯಿತು. ಅಗಸಿಯ ಕಲ್ಲಿನ ನಡುವೆ ಮುರುಕು ಮೂತಿ ಕಾಣಿಸಿತು. ನಿಂತಿತು.

ಓಣಿಯಲ್ಲಿ ಯಾರೂ ಉಸಿರಾಡಲಿಲ್ಲ.

ಹಾರನ್ ಕೇಳಿಸಿತು.

ಒಂದು.

ಎರಡು.

ಸ್ವಲ್ಪ ತಡೆದು... ಮೂರು.

ಯಾವ ಹೆಂಗಸೂ ನಗಲಿಲ್ಲ. ಯಾರೋ ಬಾಗಿಲು ಮುಚ್ಚಿಕೊಂಡರು. ಅದೇ ಲಯ, ಅದೇ ತಡೆ. ಹಿಂದಿನ ಸಲ ಈ ಸದ್ದು ನಿಜ ಹೇಳಿತ್ತು. ಇನ್ನೂರು ಹೆಜ್ಜೆ ಮುಗಿಯುವುದರೊಳಗೆ ಆ ನಿಜ ಸತ್ತಿತ್ತು.

ಈ ಸಲ ಆ ಇನ್ನೂರು ಹೆಜ್ಜೆಯನ್ನು ಗಾಡಿಗೆ ಬಿಡಬಾರದು.

ಅವಳು ಓಡಿದಳು. ಚಪ್ಪಲಿ ಕಾಲಿನಿಂದ ಎಲ್ಲಿ ಬಿದ್ದಿತೋ, ಕಾದ ಮಣ್ಣು ಅಂಗಾಲು ಸುಟ್ಟಿತು. ಅಗಸಿಯಲ್ಲಿ ಗಾಡಿ ನಡುಗುತ್ತ ನಿಂತಿತ್ತು. ಸ್ಟೇರಿಂಗಿನ ಹಿಂದೆ ನಬಿಸಾಬ್ ಎರಡೂ ಕೈ ಮೇಲೆತ್ತಿ, ಬೆಂಕಿ ಮುಟ್ಟಿದವನಂತೆ ಕುಳಿತಿದ್ದ.

ಅವಳು ಹಿಂದಿನ ಬಾಗಿಲು ತೆರೆದಳು.

ಬಿಳಿ ಚಾದರದ ಕೆಳಗಿಂದ ಒಂದು ಕೈ ಜಾರಿ ಹೊರಗೆ ಬಂತು. ಅವಳ ಮೊಣಕೈಗೆ ತಾಗಿತು.

ಬೆಚ್ಚಗಿತ್ತು.

ಅವಳು ಬಿಸಿಯನ್ನು ನಂಬಲಿಲ್ಲ. ಆ ಕೈ ಹಿಡಿದು ಹಾಗೇ ನಿಂತಳು. ಅಪ್ಪಾ... ಒಂದೇ ಸಲ... ಇದೊಂದೇ ಸಲ...

ಬೆರಳುಗಳು ಮೆಲ್ಲಗೆ ಅವಳ ಬೆರಳ ಸುತ್ತ ಮುಚ್ಚಿಕೊಂಡವು.

"ಬಿಸಿಲು ಬಡೀತದಂತ ಅವ್ವ ಹೊಚ್ಯಾಳ," ಎಂದಿತು ಚಾದರದ ಒಳಗಿನ ದನಿ. ದಣಿದ ದನಿ. "ತಗೀರಿ, ದಮ್ಮು ಕಟ್ಟಾಕತ್ತದ."

ಅಮೃತ ಚಾದರ ಸರಿಸಿದಳು. ತಲೆಗೆ ಪಟ್ಟಿ. ಕಾಲಿಗೆ ಪ್ಲಾಸ್ಟರ್. ಕಣ್ಣು ತೆರೆದಿದ್ದವು. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಸುಕಿನಲ್ಲಿ ಎಚ್ಚರವಾಯಿತಂತೆ. ಡಾಕ್ಟರು ಇನ್ನೂ ಎರಡು ದಿನ ಎಂದರೂ ಕೇಳದೆ ಊರು ಊರು ಎಂದು ಹಟ ಹಿಡಿದನಂತೆ. ಹೇಳಿ ಮುಗಿಸಿ ಆಕೆ ಅಮೃತಳ ಸುಟ್ಟ ಕಾಲು ನೋಡಿದಳು. ಏನೂ ಅನ್ನದೆ ಗಾಡಿ ಇಳಿದು, ಮುಂದಿನ ಸೀಟಿಗೆ ಹೋಗಿ ಕುಳಿತಳು.

ಹಿಂದಿನ ಸೀಟಿನಲ್ಲಿ ಒಬ್ಬರ ಜಾಗ ಖಾಲಿಯಾಯಿತು.

"ಅವ್ವ ಎಲ್ಲಾ ಹೇಳಿದ್ಳು," ಎಂದಳು ಅಮೃತ.

ಅವನು ಕಣ್ಣು ಮುಚ್ಚಿಕೊಂಡ.

"ಹೇಳಬಾರದಿತ್ತು."

"ಯಾಕ ಹೊತ್ತಿರಿ ಅಷ್ಟು ದಿನ?"

ಆ ದಿನ ಸಿಟ್ಟಿನಲ್ಲಿ ಅವನನ್ನು ನೀನು ಎಂದಿದ್ದಳು. ಈಗ ನಾಲಿಗೆ ತಾನಾಗಿ ಬೇರೆ ದಾರಿ ಹಿಡಿದಿತ್ತು. ಅದು ಇಬ್ಬರಿಗೂ ತಿಳಿಯಿತು.

"ನೀ ಹೊರೋದು ನೋಡಾಕ ಆಗ್ತಿದ್ದಿಲ್ಲ, ಅಮೃತಾ."

ಎಂಜಿನ್ನು ಸಣ್ಣಗೆ ಮಿಡಿಯುತ್ತಿತ್ತು. ಅವಳಿಗೆ ಆಗ ನೆನಪಾಯಿತು. ಆ ದಿನದ ಪ್ರಶ್ನೆಯನ್ನೇ ಕೇಳಿದಳು.

"ಹಾರನ್ ಹೊಡದಿದ್ದು ಯಾರು?"

"ನಾ ಮುಟ್ಟಿಲ್ಲ ಬೇಟಿ," ಎಂದ ನಬಿಸಾಬ್ ಮುಂದಿನಿಂದ. ಅವನ ಕೈ ಇನ್ನೂ ಕೆಳಗಿಳಿದಿರಲಿಲ್ಲ. "ಹಾರನ್ ಇಲ್ಲಂತ ದಾರಿ ತುಂಬ ಕಿಟಕ್ಯಾಗಿಂದ ಕೈ ಬೀಸಿಕೋತ ಬಂದೀನಿ."

ಅವಳು ಚಂದ್ರಶಾನನ್ನು ನೋಡಿದಳು. ಅವನ ತುಟಿಯ ಮೂಲೆಯಲ್ಲಿ ನಗುವಿನಂಥದ್ದೇನೋ ಸುಳಿಯಿತು, ಆದರೆ ಕಣ್ಣಿನಲ್ಲಿ ಭಯವೂ ಇತ್ತು.

"ಗಾಡಿ... ತಾನೇ ಹೊಡಕೊಂಡ್ತು."

"ಈ ಸಲರ ಖರೇ ಹೇಳ್ರಿ."

"ಖರೇನೇ ಹೇಳಾಕತ್ತೀನಿ. ತಾರ್ ನಿನ್ನ ಕೈಯಾಗೇ ಅದಲ್ಲ."

ಅವಳು ಮುಷ್ಟಿ ಬಿಚ್ಚಿದಳು. ಗೇಣುದ್ದದ ಕೆಂಪು ವಾಯರ್. ಎರಡೂ ತುದಿ ಕತ್ತರಿಸಿದ್ದು. ಅಂಗೈಯಲ್ಲಿ ಅದರ ಸುರುಳಿಯ ಗುರುತು ಮೂಡಿತ್ತು.

ಖಂಡೆಪ್ಪ ಕೊನೆಯ ಸಲ ಒರಗಿದ್ದ ಮುಂದಿನ ಸೀಟನ್ನು ಅಮೃತ ನೋಡಿದಳು. ಬಿಸಿಲಿನಲ್ಲಿಯೂ ಅವಳ ತೋಳಿನ ಕೂದಲು ಎದ್ದು ನಿಂತಿದ್ದವು. ಹೆದರಬೇಕು ಅನ್ನಿಸಿತು. ಆದರೆ ಆ ಬೆರಳುಗಳು ಅವಳ ಬೆರಳುಗಳನ್ನು ಬಿಟ್ಟಿರಲಿಲ್ಲ.

ಅವಳು ವಾಯರನ್ನು ಅವನ ಅಂಗೈಯಲ್ಲಿಟ್ಟು ಮಡಚಿದಳು.

"ಅಪ್ಪ ಹ್ಯಾಂಗ ಹೋದ ಅನ್ನೋದು ಈಗ ನನಗ ಗೊತ್ತಾಗ್ಯಾದ," ಎಂದಳು. "ಒಬ್ಬಾಕಿ ಹೊರಾಕ ಆಗಾಂಗಿಲ್ರೀ ಅದು."

ಚಂದ್ರಶಾ ಬಹಳ ಹೊತ್ತು ಅವಳನ್ನೇ ನೋಡಿದ. ಇಪ್ಪತ್ತು ಹೆಜ್ಜೆಯ ದೂರದಿಂದ ಅಲ್ಲ.

"ಹಂಗಾದ್ರ ಬಾ, ಕೂಡು," ಎಂದ. "ನಿಮ್ಮ ಮನಿ ತನಕ ಇನ್ನೂ ಇನ್ನೂರು ಹೆಜ್ಜಿ ಅದ."